ಒಳಗಿನ ಲೋಹ, ಆರದ ಗಾಯ

(ಸಾಗರದಲ್ಲಿ ಹಿರಿಯರ ಒಂದು ಕೂಟದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಲೆಕ್ಕ ಹಾಕೋಣ. ಮೈಯೊಳಗೆ ಹೊರಗಿನ ವಸ್ತು ಏನಾದರೂ ಇರುವವರು ಸ್ವಲ್ಪ ಕೈ ಎತ್ತಿ. ಮಂಡಿ ಬದಲಾಯಿಸಿಕೊಂಡವರು, ತೊಡೆಯಲ್ಲಿ ರಾಡ್ ಇರುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು. ಹತ್ತು ಹನ್ನೆರಡು ಕೈ ಕಾಣುತ್ತಿವೆ. ಹರ್ನಿಯಾಕ್ಕೆ ಜಾಲರಿ ಹಾಕಿಸಿಕೊಂಡವರು? ಇನ್ನೂ ನಾಲ್ಕು. ಹೃದಯಕ್ಕೆ ಸ್ಟೆಂಟ್? ಸರಿ. ಈಗ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡವರು? ನೋಡಿ, ಅರ್ಧ ಸಭೆಯೇ ಕೈ ಎತ್ತಿತು. ಆ ಲೆನ್ಸ್ ಕೂಡ ಹೊರಗಿನ ವಸ್ತುವೇ, ಅಲ್ವಾ?

ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಮಂಡಿ ಬದಲಾಯಿಸಿಕೊಂಡ ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಸೋಂಕು ಆಗುತ್ತದೆ. ಉಳಿದವರು ಮೆಟ್ಟಿಲು ಹತ್ತಿ ಇಳಿದು, ಮದುವೆ ಮನೆಗೆ ಹೋಗಿ ಬಂದು ಆರಾಮಾಗಿ ಇರುತ್ತಾರೆ. ಆದರೆ ಆ ಒಬ್ಬರ ಕಷ್ಟ ಬಹಳ ದೊಡ್ಡದು. ಎರಡನೇ ಆಪರೇಷನ್, ಮೂರನೇ ಆಪರೇಷನ್, ತಿಂಗಳುಗಟ್ಟಲೆ ಔಷಧಿ, ಮನೆಯವರೆಲ್ಲ ಆಸ್ಪತ್ರೆಗೆ ಅಲೆಯುವುದು, ಸಾಲ. ನಾನು ಇವತ್ತು ಬಂದಿರುವುದು ಆ ಒಬ್ಬರ ಬಗ್ಗೆ ಮಾತಾಡಲಿಕ್ಕೆ.

ನಾನು ಆಪರೇಷನ್ ಮಾಡುವ ಡಾಕ್ಟರ್ ಅಲ್ಲ. ಮೈಕ್ರೋಬಯಾಲಜಿ ಲ್ಯಾಬಿನವಳು. ರೋಗಿಯ ಮುಖ ನಮಗೆ ಕಾಣುವುದು ಅಪರೂಪ. ನಮಗೆ ಬರುವುದು ಬಾಟಲಿ, ಅದರ ಮೇಲೊಂದು ಚೀಟಿ. ಬಾಟಲಿಯೊಳಗೆ ಕೀವು, ರಕ್ತ, ಮೂಳೆಯ ಚೂರು. ಒಳಗೆ ಯಾವ ರೋಗಾಣು ಇದೆ, ಅದಕ್ಕೆ ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಹೇಳುವುದು ನಮ್ಮ ಕೆಲಸ. ಇಷ್ಟು ವರ್ಷದಲ್ಲಿ ಸಾವಿರಾರು ಬಾಟಲಿ ನೋಡಿದ್ದೇನೆ. ಅದರಲ್ಲಿ ಒಂದು ಬಾಟಲಿಯ ಕತೆ ಹೇಳುತ್ತೇನೆ.

ಆತ ಒಬ್ಬ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವ. ನಲವತ್ತರ ಆಸುಪಾಸು. ಅಡಿಕೆ ಕೊಯ್ಲಿನ ಸಮಯದಲ್ಲಿ ಮರದಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಮುರಿದ ತುದಿ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಗಾಯದೊಳಗೆ ತೋಟದ ಮಣ್ಣು, ಕೊಳೆತ ಸೊಪ್ಪಿನ ಚೂರು. ಟವೆಲ್ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಬಂದರು. ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ಹದಿನೈದು ದಿನಕ್ಕೆ ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಗಾಯ ಚೆನ್ನಾಗಿಯೇ ಕೂಡಿತ್ತು. ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಜಾಗ ಮಾತ್ರ ಒದ್ದೆ ಒದ್ದೆ.

ಆ ಕಡಲೆಕಾಳಿನಷ್ಟು ಜಾಗವೇ ಇವತ್ತಿನ ನನ್ನ ವಿಷಯ.

ಅಲ್ಲಿಂದ ಸ್ವಲ್ಪ ರಸಿಗೆ ಬರುತ್ತಿತ್ತು. ನೋವಿಲ್ಲ, ಜ್ವರವಿಲ್ಲ. ಮನೆಯವರು ಮೆಡಿಕಲ್ ಶಾಪಿನಲ್ಲಿ ಕೇಳಿದರು, ಐದು ದಿನದ ಮಾತ್ರೆ ಕೊಟ್ಟರು. ಒಣಗಿತು. ಹತ್ತು ದಿನ ಬಿಟ್ಟು ಮತ್ತೆ ಒದ್ದೆ. ಮತ್ತೆ ಮಾತ್ರೆ, ಮತ್ತೆ ಒಣಗಿತು. ಹೀಗೆ ನಾಲ್ಕು ಸುತ್ತು. ನಡುವೆ ಯಾರೋ ಅರಿಶಿನ ಮೆತ್ತಲು ಹೇಳಿದರು, ಇನ್ಯಾರೋ ಕಾಫಿಪುಡಿ ಅಂದರು. ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ವಾಪಸ್ ಹೋಗಲಿಲ್ಲ. ದೂರ, ಒಂದು ದಿನದ ಕೂಲಿ ಹೋಗುತ್ತದೆ, "ಇಷ್ಟಕ್ಕೆಲ್ಲ ಯಾಕೆ" ಅನ್ನುವ ಸಂಕೋಚ. ನಾನು ಅವರನ್ನು ದೂರುವುದಿಲ್ಲ. ರಸಿಗೆ ಬಂದರೆ ಕೂಡಲೇ ವಾಪಸ್ ಬನ್ನಿ ಅಂತ ಡಿಸ್ಚಾರ್ಜ್ ಆಗುವಾಗ ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಆಸ್ಪತ್ರೆಯವರ ತಪ್ಪು, ಅಂದರೆ ನಮ್ಮ ಕಡೆಯವರದೇ ತಪ್ಪು.

ಐದು ತಿಂಗಳಿಗೆ ಕಾಲೂರಲು ಆಗದಷ್ಟು ನೋವು ಬಂತು. ಎಕ್ಸ್‌ರೇ ತೆಗೆದರೆ ಮೂಳೆ ಕೂಡಿಲ್ಲ, ಸ್ಕ್ರೂಗಳು ಸಡಿಲ. ರಸಿಗೆಯನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ ನಮಗೆ ಕಳಿಸಿದರು. ಏನೂ ಬೆಳೆಯಲಿಲ್ಲ. ಬೆಳೆಯುವುದಾದರೂ ಹೇಗೆ? ಹಿಂದಿನ ದಿನದವರೆಗೂ ಮಾತ್ರೆ ನುಂಗಿದ್ದರು. ಕೊನೆಗೆ ಪ್ಲೇಟ್ ಬಿಚ್ಚಿ ತೆಗೆದರು. ಆ ಪ್ಲೇಟನ್ನೇ ದೊಡ್ಡ ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿದರು.

ಗೇಣುದ್ದದ ಸ್ಟೀಲ್ ಪ್ಲೇಟ್, ಎಂಟು ತೂತು. ಬೆಳಕಿಗೆ ಹಿಡಿದರೆ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಎರಡು ತೂತಿನ ಸುತ್ತ ಮಾತ್ರ ಮಂಕು. ಹತ್ತಿರ ಹಿಡಿದು ನೋಡಿದೆ. ಆರಿದ ಗಂಜಿಯ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದಲ್ಲ, ಹಾಗಿತ್ತು. ಚಿಮಟಿಗೆಯಲ್ಲಿ ಎಳೆದರೆ ನೂಲಿನ ಹಾಗೆ ಜಗ್ಗಿತು, ಬಿಟ್ಟರೆ ಮತ್ತೆ ಹೋಗಿ ಅಂಟಿಕೊಂಡಿತು. ಪ್ಲೇಟನ್ನು ದ್ರಾವಣದಲ್ಲಿ ಮುಳುಗಿಸಿ, ಶಬ್ದದ ಅಲೆಗಳಿಂದ ಅಲುಗಾಡಿಸುವ ಯಂತ್ರದಲ್ಲಿಟ್ಟೆವು. ಕನ್ನಡಕದ ಅಂಗಡಿಯಲ್ಲಿ ಕನ್ನಡಕ ತೊಳೆಯುವ ಪುಟ್ಟ ತೊಟ್ಟಿ ನೋಡಿದ್ದೀರಲ್ಲ, ಅದೇ ತತ್ವ. ಆಮೇಲೆ ಆ ನೀರನ್ನು ಬೆಳೆಸಲು ಇಟ್ಟೆವು. ಮಾರನೆಯ ದಿನ ಬೆಳಿಗ್ಗೆ ತಟ್ಟೆಯ ತುಂಬ ಹೊನ್ನಿನ ಬಣ್ಣದ ಚುಕ್ಕೆಗಳು. ಸ್ಟ್ಯಾಫಿಲೊಕಾಕಸ್ ಆರಿಯಸ್. ಆರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಹೊನ್ನಿನದು ಅಂತ. ಹತ್ತಿಯ ಕಡ್ಡಿಗೆ ಸಿಗದಿದ್ದದ್ದು ಲೋಹದ ಮೇಲೆ ಊರು ಕಟ್ಟಿಕೊಂಡು ಕೂತಿತ್ತು.

ಯಾಕೆ ಹೀಗಾಗುತ್ತದೆ? ಇದನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಬಚ್ಚಲಮನೆಗೆ ಹೋಗಿ. ನೀರಿನ ತೊಟ್ಟಿಯನ್ನು ಹದಿನೈದು ದಿನ ತಿಕ್ಕದೆ ಬಿಡಿ. ಒಳಗೋಡೆಗೆ ಕೈ ಸವರಿದರೆ ಜಾರುತ್ತದೆ. ಒಂದು ತೆಳು ಲೋಳೆ. ಮೇಲಿಂದ ನೀರು ಸುರಿದರೆ ಹೋಗುತ್ತದಾ? ಹೋಗುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೆ ಮೇಲ್ಪದರ ಸಾಯಬಹುದು, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ತೆಂಗಿನ ನಾರು ಹಾಕಿ ತಿಕ್ಕಿದರೆ ಮಾತ್ರ ಹೋಗುವುದು. ಇದು ನಿಮ್ಮೆಲ್ಲರಿಗೂ ಗೊತ್ತು. ಆ ಲೋಳೆಗೆ ನಮ್ಮ ಶಾಸ್ತ್ರದಲ್ಲಿ ಬಯೋಫಿಲ್ಮ್ ಅಂತಾರೆ. ಬ್ಯಾಕ್ಟೀರಿಯಾಗಳು ಯಾವುದಾದರೂ ಗಟ್ಟಿ ಮೈ ಸಿಕ್ಕಿದರೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಮೇಲೆ ತಮ್ಮ ಸುತ್ತ ಲೋಳೆ ಸುರಿಸಿಕೊಂಡು ಅದರೊಳಗೆ ಸೇರಿಕೊಳ್ಳುತ್ತವೆ. ಒಳಗಿರುವ ಕೆಲವು ಬೆಳೆಯುವುದನ್ನೇ ನಿಲ್ಲಿಸಿ ಮಲಗಿಬಿಡುತ್ತವೆ. ನಮ್ಮ ಆ್ಯಂಟಿಬಯಾಟಿಕ್‌ಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥವು. ಮಲಗಿದ್ದಕ್ಕೆ ತಾಗುವುದಿಲ್ಲ. ರಕ್ತದಲ್ಲಿ ತೇಲುತ್ತಿದ್ದರೆ ಸಾಯುವ ಅದೇ ರೋಗಾಣುವನ್ನು ಲೋಳೆಯೊಳಗೆ ಕೊಲ್ಲಲು ನೂರು ಪಟ್ಟು, ಸಾವಿರ ಪಟ್ಟು ಜಾಸ್ತಿ ಔಷಧಿ ಬೇಕಾಗಬಹುದು. ಅಷ್ಟನ್ನು ಮನುಷ್ಯನ ಮೈ ತಾಳುವುದಿಲ್ಲ.

ಇದನ್ನು ಮೊದಲು ಕಂಡವರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಒಬ್ಬ. 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿವೆ ಅಂತ ಲಂಡನ್ನಿಗೆ ಕಾಗದ ಬರೆದ. ವಿನೆಗರ್‌ನಲ್ಲಿ ಬಾಯಿ ಮುಕ್ಕಳಿಸಿಯೂ ನೋಡಿದ. ಪಾಚಿಯ ಹೊರಗಿದ್ದ ಜೀವಿಗಳು ಮಾತ್ರ ಸತ್ತವು. ಆ ಕೊನೆಗೌಡ ಐದು ತಿಂಗಳು ನುಂಗಿದ ಮಾತ್ರೆಗಳ ಕತೆಯೂ ಇದೇ ತಾನೇ? ಮೇಲಿನದು ಸತ್ತಿತು, ರಸಿಗೆ ನಿಂತಿತು, ಒಳಗಿನದು ಉಳಿಯಿತು. ಬ್ಯಾಕ್ಟೀರಿಯಾ ಅಂಟಿಕೊಂಡು ಬದುಕುವ ಈ ರೀತಿಯನ್ನು ವಿಜ್ಞಾನಿಗಳು ಗಂಭೀರವಾಗಿ ನೋಡಲು ಶುರು ಮಾಡಿದ್ದು ತೀರಾ ಈಚೆಗೆ, 1978ರಲ್ಲಿ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು ಅದರ ಬಗ್ಗೆ ಬರೆದ ಮೇಲೆ. 1982ರಲ್ಲಿ ಅದೇ ಗುಂಪಿನವರು ಸೋಂಕಾದ ಪೇಸ್‌ಮೇಕರಿನ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತಂತಿಯ ಮೇಲೆ ದಪ್ಪ ಲೋಳೆ, ಅದರೊಳಗೆ ಪದರ ಪದರವಾಗಿ ಸ್ಟ್ಯಾಫಿಲೊಕಾಕಸ್. ಆ ರೋಗಿಗೆ ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟಿದ್ದರೂ ಅವು ಸತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಮಾಂಸದಲ್ಲಿ, ಚರ್ಮದಲ್ಲಿ ರಕ್ತ ಓಡಾಡುತ್ತದೆ. ರೋಗಾಣು ಬಂದರೆ ಬಿಳಿ ರಕ್ತಕಣಗಳು ಓಡಿ ಬಂದು ನುಂಗುತ್ತವೆ. ಲೋಹದಲ್ಲಿ ರಕ್ತನಾಳ ಇಲ್ಲ. ಅದು ಮೈಯೊಳಗಿದ್ದರೂ ಮೈಯಲ್ಲ. 1957ರಲ್ಲಿ ಲಂಡನ್ನಿನಲ್ಲಿ ಎಲೆಕ್ ಮತ್ತು ಕೋನೆನ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಒಪ್ಪಿಕೊಂಡು ಮುಂದೆ ಬಂದವರ ಚರ್ಮಕ್ಕೆ ಸ್ಟ್ಯಾಫಿಲೊಕಾಕಸ್ ಚುಚ್ಚಿದರು. ಸುಮ್ನೆ ಚುಚ್ಚಿದರೆ ಕೀವು ಆಗಲು ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಆದರೆ ಚರ್ಮದಲ್ಲಿ ಒಂದು ರೇಷ್ಮೆ ಹೊಲಿಗೆ ಇದ್ದರೆ? ಕೆಲವು ನೂರು ಸಾಕಾಯಿತು. ಒಂದೇ ಒಂದು ರೇಷ್ಮೆ ಎಳೆ! ನಾನು ಓದುವಾಗ ಈ ಪ್ರಯೋಗದ ಬಗ್ಗೆ ಕೇಳಿ ಆ ದಿನವೆಲ್ಲ ಅದನ್ನೇ ಯೋಚಿಸಿದ್ದೆ. ಒಂದು ಎಳೆ ಇಷ್ಟು ಮಾಡಿದರೆ ಇಡೀ ಲೋಹದ ಮಂಡಿ ಏನು ಮಾಡಬಹುದು? ಅದಕ್ಕೇ ಇಂಪ್ಲಾಂಟ್, ಅಂದರೆ ಮೈಯೊಳಗೆ ಕೂರಿಸುವ ಇಂಥ ಹೊರಗಿನ ವಸ್ತು, ಹಾಕುವ ಆಪರೇಷನ್ ಥಿಯೇಟರಿನಲ್ಲಿ ಅಷ್ಟೊಂದು ಮಡಿ. ಆ ಮಡಿಗೆ ಲೆಕ್ಕಾಚಾರ ಇದೆ.

ಈ ಮಡಿ ಶುರುವಾದದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಅದರಲ್ಲೂ ಒಬ್ಬ ಕಾಲು ಮುರಿದ ಹುಡುಗ ಇದ್ದಾನೆ. 1865ರ ಆಗಸ್ಟ್ 12. ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಅನ್ನುವ 11 ವರ್ಷದ ಹುಡುಗನನ್ನು ತಂದರು. ಗಾಡಿಯ ಚಕ್ರ ಕಾಲ ಮೇಲೆ ಹರಿದು, ಮೂಳೆ ಮುರಿದು, ಚರ್ಮ ಸೀಳಿತ್ತು. ಆ ಕಾಲದಲ್ಲಿ ಅಂಥ ಗಾಯ ಅಂದರೆ ಕಾಲು ಕತ್ತರಿಸುವುದೇ ದಾರಿ, ಕತ್ತರಿಸದಿದ್ದರೆ ಕೊಳೆತು ಸಾಯುವುದು. ಜೋಸೆಫ್ ಲಿಸ್ಟರ್ ಅನ್ನುವ ಸರ್ಜನ್ ಕತ್ತರಿಸಲಿಲ್ಲ. ಚರಂಡಿಯ ನಾತ ಹೋಗಿಸಲು ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್‌ನಲ್ಲಿ ಬಟ್ಟೆ ಅದ್ದಿ ಗಾಯಕ್ಕೆ ಕಟ್ಟಿದ. ಕೊಳೆಯುವುದಕ್ಕೆ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ಕಾರಣ ಅನ್ನುವ ಪಾಶ್ಚರನ ಮಾತನ್ನು ಅವನು ನಂಬಿದ್ದ. ಆರು ವಾರಕ್ಕೆ ಮೂಳೆ ಕೂಡಿತು, ಹುಡುಗ ನಡೆದುಕೊಂಡು ಮನೆಗೆ ಹೋದ. ಹನ್ನೆರಡು ವರ್ಷದ ಮೇಲೆ, 1877ರಲ್ಲಿ, ಇದೇ ಲಿಸ್ಟರ್ ಲಂಡನ್ನಿನಲ್ಲಿ ಮುರಿದ ಮಂಡಿಚಿಪ್ಪನ್ನು ಕೊಯ್ದು ತೆರೆದು ಬೆಳ್ಳಿ ತಂತಿಯಿಂದ ಕಟ್ಟಿದ. ಚರ್ಮ ಒಡೆಯದೆ ಇರುವಾಗ ಬೇಕೆಂದೇ ಕೀಲನ್ನು ಕೊಯ್ಯುವುದು ಕೊಲೆಗೆ ಸಮ ಅಂತ ಎಷ್ಟೋ ಡಾಕ್ಟರುಗಳು ನಂಬಿದ್ದ ಕಾಲ ಅದು. ರೋಗಿ ಬದುಕಿದ, ನಡೆದ. ಮೈಯೊಳಗೆ ಲೋಹ ಇಡಬಹುದು ಅನ್ನುವ ಧೈರ್ಯ ಬಂದದ್ದು ಗಾಯವನ್ನು ಚೊಕ್ಕಟವಾಗಿಡಲು ಕಲಿತ ಮೇಲೆ.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಾಯಿಸುವ ಆಪರೇಷನ್ ಶುರು ಮಾಡಿದಾಗ ನೂರರಲ್ಲಿ ಏಳೆಂಟು ಜನಕ್ಕೆ ಸೋಂಕಾಗುತ್ತಿತ್ತು. ಆತ ಥಿಯೇಟರಿನೊಳಗೆ ಗಾಜಿನ ಕೋಣೆ ಕಟ್ಟಿಸಿದ, ಸೋಸಿದ ಗಾಳಿ ಬಿಟ್ಟ, ತಾವು ಬಿಟ್ಟ ಉಸಿರು ಕೂಡ ಹೊರಗೆ ಹೋಗುವ ಹಾಗೆ ಪೈಪು ಜೋಡಿಸಿದ ಅಂಗಿ ತೊಟ್ಟ. ಸೋಂಕು ಒಂದಕ್ಕಿಂತ ಕೆಳಗೆ ಇಳಿಯಿತು.

ಈಗ ನೀವು ಕೇಳಬಹುದು, ಇಷ್ಟೆಲ್ಲ ಮಡಿ ಮಾಡಿದರೂ ಆ ಒಬ್ಬರಿಗೆ ಯಾಕೆ ಆಗುತ್ತದೆ? ಬಹಳ ಸಲ ರೋಗಾಣು ಬರುವುದು ನಮ್ಮದೇ ಚರ್ಮದಿಂದ, ನಮ್ಮದೇ ಮೂಗಿನಿಂದ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಅಂತ ಒಂದಿದೆ. ಇಲ್ಲಿ ಕೂತಿರುವ ಪ್ರತಿಯೊಬ್ಬರ ಚರ್ಮದ ಮೇಲೂ ಇದೆ, ನನ್ನ ಮೇಲೂ ಇದೆ. ಜೀವಮಾನವೆಲ್ಲ ಏನೂ ತೊಂದರೆ ಕೊಡುವುದಿಲ್ಲ. ಲೋಹ ಸಿಕ್ಕಿತೋ, ಮೆಲ್ಲಗೆ ಅಂಟಿಕೊಳ್ಳುತ್ತದೆ. ಜ್ವರ ಇಲ್ಲ, ಕೀವಿಲ್ಲ. ಆರು ತಿಂಗಳು, ಒಂದು ವರ್ಷ ಕಳೆದ ಮೇಲೆ ಮಂಡಿ ನೋಯಲು ಶುರುವಾಗುತ್ತದೆ. ಇನ್ನು ಕೆಲವು ಸಲ ಬೇರೆ ಕಡೆಯಿಂದ ರಕ್ತದಲ್ಲಿ ಹರಿದು ಬರುತ್ತದೆ. ಅಂಗಾಲಿನಲ್ಲಿ ಆರದ ಹುಣ್ಣು, ಹಿಮ್ಮಡಿ ಒಡೆದು ಕೀವಾಗಿರುವುದು. ಶುಗರ್ ಇರುವವರೇ, ದಯವಿಟ್ಟು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲ ಮೊಮ್ಮಕ್ಕಳಿಗೆ ಹೇಳಿ. ಮಂಡಿ ಬದಲಾಯಿಸಿಕೊಂಡವರ ಮಂಡಿಯನ್ನು ಕಾಯುವುದು ಅವರ ಪಾದದಿಂದಲೇ ಶುರುವಾಗುತ್ತದೆ.

ಕೆಲವು ಸಲ ತಪ್ಪು ಪೂರ್ತಿ ನಮ್ಮ ಕಡೆಯದೇ. ಇದನ್ನೂ ಮುಚ್ಚಿಡದೆ ಹೇಳುತ್ತೇನೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಪಿತ್ತಕೋಶದ ಕಲ್ಲು ತೆಗೆಯುವ ಆಪರೇಷನ್ ಇದೆಯಲ್ಲ, ಲ್ಯಾಪರೊಸ್ಕೋಪಿ, ಅದಾದ ಮೂರು ನಾಲ್ಕು ವಾರಕ್ಕೆ ಚೆನ್ನಾಗಿ ಆರಿದ್ದ ತೂತಿನಲ್ಲಿ ಗಂಟು ಏಳುತ್ತದೆ. ಒಡೆದು ತೆಳ್ಳಗೆ ನೀರು ಬರುತ್ತದೆ. ಯಾವ ಮಾತ್ರೆಗೂ ಬಗ್ಗುವುದಿಲ್ಲ. ಮಾಮೂಲಿ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬರುವುದಿಲ್ಲ. ಇದು ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಆಗಿದೆ. ಕಾರಣ ಕ್ಷಯದ ರೋಗಾಣುವಿನ ಜಾತಿಗೇ ಸೇರಿದ, ಆದರೆ ಕ್ಷಯ ತರದ ಬೇರೆ ರೋಗಾಣುಗಳು. ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್, ಕಿಲೋನೆ, ಆಬ್ಸೆಸಸ್ ಅಂತ ಹೆಸರು. ಅವು ಇರುವುದು ನಲ್ಲಿಯ ನೀರಿನಲ್ಲಿ, ಮಣ್ಣಿನಲ್ಲಿ. ಉಪಕರಣಗಳು ಉದ್ದನೆಯ, ಒಳಗೆ ಟೊಳ್ಳಾದ ಕೊಳವೆಗಳು. ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವೆ ಬಿಚ್ಚಿ ತಿಕ್ಕಿ ತೊಳೆಯದೆ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಆಮೇಲೆ ನಲ್ಲಿ ನೀರಿನಲ್ಲಿ ಜಾಲಿಸಿದರೆ? ಕೊಂದ ಹಾಗೂ ಆಯಿತು, ಮತ್ತೆ ಹಚ್ಚಿದ ಹಾಗೂ ಆಯಿತು. ಒಂದು ಕಲ್ಲು ತೆಗೆಸಲು ಹೋದವರು ಆರು ತಿಂಗಳು ಔಷಧಿ ತಿಂದದ್ದು ನೋಡಿದ್ದೇನೆ. ಬಿಚ್ಚಿ, ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಹಬೆಯಲ್ಲಿ ಶುದ್ಧ ಮಾಡಿದರೆ ಇದು ಆಗುವುದಿಲ್ಲ. ಇಲ್ಲೂ ತಿಕ್ಕುವುದೇ ಮುಖ್ಯ, ತೊಟ್ಟಿಯ ಹಾಗೆ.

ಸರಿ, ನಮ್ಮ ಕೈಯಲ್ಲಿ ಏನಿದೆ?

ಆಪರೇಷನ್ನಿಗೆ ಮೊದಲು ಶುಗರ್ ಹತೋಟಿಗೆ ಬರಲಿ. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಲಿ, ಹೊಗೆ ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೈಯಲ್ಲಿ ಎಲ್ಲಾದರೂ ಕುರು, ಹುಣ್ಣು, ಉರಿಮೂತ್ರ ಇದ್ದರೆ ಮುಚ್ಚಿಡಬೇಡಿ, ಡೇಟ್ ಮುಂದಕ್ಕೆ ಹೋದರೂ ಪರವಾಗಿಲ್ಲ. ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಸೋಪು ಹಚ್ಚಿ ಸ್ನಾನ ಮಾಡಿ. ಮನೆಯಲ್ಲಿ ಬ್ಲೇಡು ಹಿಡಿದು ಕೂದಲು ಬೋಳಿಸಿಕೊಂಡು ಹೋಗಬೇಡಿ. ಎಷ್ಟೋ ಜನ ಆಸ್ಪತ್ರೆಯವರಿಗೆ ಕೆಲಸ ಉಳಿಸಿದೆವು ಅಂದುಕೊಂಡು ಮಾಡುತ್ತಾರೆ. ಬ್ಲೇಡು ಕಣ್ಣಿಗೆ ಕಾಣದ ನೂರು ಗೀರು ಮಾಡುತ್ತದೆ, ಪ್ರತಿ ಗೀರಿನಲ್ಲೂ ರೋಗಾಣು ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ: ಬೋಳಿಸುವುದು ಬೇಡವೇ ಬೇಡ, ತೀರಾ ಬೇಕಿದ್ದರೆ ಕ್ಲಿಪ್ಪರಿನಲ್ಲಿ ಕತ್ತರಿಸಿ.

ಇನ್ನು ಇಂಜೆಕ್ಷನ್. "ಐದು ದಿನ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡಲೇ ಇಲ್ಲ" ಅಂತ ಮನೆಯವರು ಬೇಜಾರು ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ಚೊಕ್ಕಟವಾದ ಆಪರೇಷನ್ನಿಗೆ ಮುಖ್ಯವಾದದ್ದು ಚರ್ಮ ಕೊಯ್ಯುವ ಮೊದಲು ಕೊಡುವ ಡೋಸ್. ಕೊಯ್ಯುವಾಗ ರಕ್ತದಲ್ಲಿ ಔಷಧಿ ಆಗಲೇ ಇರಬೇಕು. 1961ರಲ್ಲಿ ಜಾನ್ ಬರ್ಕ್ ಅನ್ನುವವರು ಗಿನಿ ಹಂದಿಗಳಲ್ಲಿ ಇದನ್ನು ತೋರಿಸಿದರು. ರೋಗಾಣು ಒಳಗೆ ಹೋಗಿ ಮೂರು ಗಂಟೆ ಆದ ಮೇಲೆ ಕೊಟ್ಟ ಔಷಧಿಯಿಂದ ಏನೂ ಪ್ರಯೋಜನ ಆಗಲಿಲ್ಲ. ಮಣ್ಣು ಮೆತ್ತಿದ ಗಾಯದ ಲೆಕ್ಕ ಬೇರೆ. ತೋಟದಲ್ಲಿ, ರಸ್ತೆಯಲ್ಲಿ ಮೂಳೆ ಹೊರಗೆ ಬಂದಂಥ ಗಾಯ ಆದರೆ ಶುದ್ಧ ಬಟ್ಟೆ ಮುಚ್ಚಿ, ಯಾವ ಪುಡಿಯನ್ನೂ ಹಾಕದೆ, ಕಟ್ಟು ಹಾಕುವವರ ಹತ್ತಿರ ಹೋಗದೆ ನೇರ ಆಸ್ಪತ್ರೆಗೆ ಬನ್ನಿ. ಮೊದಲ ಇಂಜೆಕ್ಷನ್ ಒಂದು ಗಂಟೆಯೊಳಗೆ ಬಿದ್ದರೆ ಬಹಳ ಒಳ್ಳೆಯದು.

ಈಗ ಆ ಕಡಲೆಕಾಳಿನಷ್ಟು ಜಾಗಕ್ಕೆ ವಾಪಸ್ ಬರುತ್ತೇನೆ. ಒಳಗೆ ಲೋಹ ಇರುವ ಗಾಯ ಒಂದು ವಾರ, ಹತ್ತು ದಿನ ಆದ ಮೇಲೂ ಒದ್ದೆಯಾಗಿದ್ದರೆ ಅದು ಸಣ್ಣ ವಿಷಯ ಅಲ್ಲ. ಆರಿದ ಗಾಯ ಮತ್ತೆ ಒದ್ದೆಯಾದರೂ ಅಷ್ಟೇ. ಸುಮ್ನೆ ಮಾತ್ರೆ ತೆಗೆದುಕೊಳ್ಳಬೇಡಿ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೋಗಿ. ಹೋಗಿ ಹೀಗೆ ಕೇಳಿ: "ಡಾಕ್ಟ್ರೇ, ಮಾತ್ರೆ ಶುರು ಮಾಡುವ ಮೊದಲು ಒಳಗಿನಿಂದ ಸ್ಯಾಂಪಲ್ ತೆಗೆದು ಕಲ್ಚರ್‌ಗೆ ಕಳಿಸುತ್ತೀರಾ?" ಇದು ದುಡುಕಿನ ಮಾತಲ್ಲ, ಕೇಳುವ ಹಕ್ಕು ನಿಮಗಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೋಂಕಾದ ಮಂಡಿ, ಸೊಂಟದ ಕೀಲುಗಳನ್ನು ಪರೀಕ್ಷೆ ಮಾಡಿದ್ದರು. ಮಾಂಸದ ತುಣುಕು ತೆಗೆದು ಬೆಳೆಸಿದಾಗ ನೂರರಲ್ಲಿ ಸುಮಾರು 60 ಜನರಲ್ಲಿ ರೋಗಾಣು ಸಿಕ್ಕಿತು. ಆಪರೇಷನ್ನಿಗೆ ಮುಂಚಿನ ಎರಡು ವಾರದಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಅದು 45ಕ್ಕೆ ಇಳಿಯಿತು. ಯಾರು ಶತ್ರು ಅಂತಲೇ ಗೊತ್ತಾಗದೆ ಎಷ್ಟು ತಿಂಗಳು ಔಷಧಿ ಕೊಡುವುದು? ನಮ್ಮ ಲ್ಯಾಬಿನಲ್ಲಿ "ಏನೂ ಬೆಳೆದಿಲ್ಲ" ಅಂತ ರಿಪೋರ್ಟ್ ಬರೆಯುವಾಗಲೆಲ್ಲ ನನಗೆ ಕೈ ಹಿಂಜರಿಯುತ್ತದೆ. ಒಳಗೆ ಏನೂ ಇಲ್ಲ ಅಂತ ಅದರ ಅರ್ಥ ಅಲ್ಲ ಅನ್ನುವುದು ನನಗೆ ಗೊತ್ತು.

ಬೇಗ ಬಂದರೆ ಏನು ಲಾಭ? ಲಕ್ಷಣ ಶುರುವಾಗಿ ಎರಡು ಮೂರು ವಾರದೊಳಗೆ ಬಂದರೆ ಲೋಳೆ ಇನ್ನೂ ಎಳೆಯದಾಗಿರುತ್ತದೆ. ತೆರೆದು, ಕೆರೆದು, ತೊಳೆದು, ಇಂಪ್ಲಾಂಟನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ತಡವಾದರೆ ಸಾಮಾನ್ಯವಾಗಿ ತೆಗೆಯಲೇಬೇಕು. ಮಂಡಿಯಾದರೆ ಹಳೆಯದನ್ನು ತೆಗೆದು, ಔಷಧಿ ಬೆರೆಸಿದ ಸಿಮೆಂಟನ್ನು ಆ ಜಾಗದಲ್ಲಿಟ್ಟು, ವಾರಗಟ್ಟಲೆ ಕಾದು, ಸೋಂಕು ಹೋಯಿತು ಅಂತ ಖಾತ್ರಿಯಾದ ಮೇಲೆ ಹೊಸದು ಹಾಕುತ್ತಾರೆ. ಎರಡು ದೊಡ್ಡ ಆಪರೇಷನ್.

ಇಲ್ಲಿ ಒಂದು ಔಷಧಿಯ ಬಗ್ಗೆ ಹೇಳಬೇಕು. ರಿಫಾಂಪಿಸಿನ್. ನಿಮಗೆಲ್ಲ ಇದು ಟಿಬಿ ಮಾತ್ರೆ ಅಂತ ಗೊತ್ತು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಲೋಳೆಯೊಳಗೆ ನುಗ್ಗುತ್ತದೆ, ಮಲಗಿದ ಸ್ಟ್ಯಾಫಿಲೊಕಾಕಸ್‌ಗೂ ತಾಗುತ್ತದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇಂಪ್ಲಾಂಟ್ ಉಳಿಸಿಕೊಂಡ ರೋಗಿಗಳಿಗೆ ಇದನ್ನು ಇನ್ನೊಂದು ಔಷಧಿಯ ಜೊತೆ ಕೊಟ್ಟರು. ಕೋರ್ಸ್ ಮುಗಿಸಿದ 12 ಜನರಲ್ಲಿ 12 ಜನವೂ ವಾಸಿಯಾದರು. ಇದಿಲ್ಲದೆ ಬರೀ ಆ ಇನ್ನೊಂದು ಔಷಧಿ ತೆಗೆದುಕೊಂಡ 12 ಜನರಲ್ಲಿ 7 ಜನ ವಾಸಿಯಾದರು. ಸಣ್ಣ ಅಧ್ಯಯನ, ಆದರೆ ಚಿಕಿತ್ಸೆಯ ದಾರಿಯನ್ನೇ ಬದಲಾಯಿಸಿತು. ಚೀಟಿಯಲ್ಲಿ ಇದನ್ನು ನೋಡಿ ಎಷ್ಟೋ ಮನೆಯವರು "ಅಪ್ಪನಿಗೆ ಟಿಬಿನಾ?" ಅಂತ ಗಾಬರಿಯಾಗಿ, ಊರಿನವರಿಗೆ ಗೊತ್ತಾಗಬಾರದು ಅಂತ ಮಾತ್ರೆ ಮುಚ್ಚಿಡುತ್ತಾರೆ. ಟಿಬಿ ಅಲ್ಲ. ಆದರೆ ಇದನ್ನು ಒಂದನ್ನೇ ತೆಗೆದುಕೊಂಡರೆ ಕೆಲವೇ ದಿನಕ್ಕೆ ರೋಗಾಣು ಈ ಔಷಧಿಗೆ ಪಳಗಿಬಿಡುತ್ತದೆ, ಆಮೇಲೆ ಅದಕ್ಕೆ ಇದು ತಾಗುವುದಿಲ್ಲ. ಆದ್ದರಿಂದ ಎರಡು ಮಾತ್ರೆಯಲ್ಲಿ ಒಂದನ್ನು ನೀವಾಗಿಯೇ ಬಿಡಬೇಡಿ.

ಆ ಕೊನೆಗೌಡ ಏನಾದರು ಅಂತ ಕೇಳುತ್ತಿದ್ದೀರಿ. ಪ್ಲೇಟ್ ತೆಗೆದು, ಕೆಟ್ಟ ಮೂಳೆ ಕೆರೆದು, ಕಾಲಿಗೆ ಹೊರಗಿನಿಂದ ಕಬ್ಬಿಣದ ಚೌಕಟ್ಟು ಹಾಕಿದರು. ಮೂಳೆ ಕೂಡಲು ಒಂಬತ್ತು ತಿಂಗಳಾಯಿತು. ಈಗ ನಡೆಯುತ್ತಾರೆ. ಮರ ಹತ್ತುವುದಿಲ್ಲ. ಕೊಯ್ಲಿನ ಸಮಯದಲ್ಲಿ ಕೆಳಗೆ ನಿಂತು ಕೊನೆ ಹಿಡಿಯುತ್ತಾರಂತೆ.

ಇನ್ನು ಪ್ರಶ್ನೆಗಳು.

"ಮೇಡಂ, ಆಪರೇಷನ್ ಆದ ಮೇಲೆ ಬದನೆಕಾಯಿ, ಮೀನು, ಮೊಟ್ಟೆ ನಂಜು ಅಂತಾರಲ್ಲ?" ಅಂತ ಮುಂದಿನ ಸಾಲಿನ ಅಮ್ಮ ಒಬ್ಬರು ಕೇಳಿದರು.

ಈ ಪ್ರಶ್ನೆ ಬರದ ಊರಿಲ್ಲ ಅಮ್ಮಾ. ಕೀವು ಆಗುವುದು ರೋಗಾಣುವಿನಿಂದ, ಬದನೆಕಾಯಿಯಿಂದ ಅಲ್ಲ. ಬದನೆಕಾಯಿ ತಿನ್ನಲೇಬೇಕು ಅಂತ ನಾನು ಹೇಳುವುದಿಲ್ಲ. ಮನಸ್ಸಿಗೆ ಒಪ್ಪದಿದ್ದರೆ ಬಿಡಿ. ಆದರೆ ನಂಜು ಅಂತ ಮೊಟ್ಟೆ, ಮೀನು, ಬೇಳೆ, ಮೊಸರು ಎಲ್ಲ ಬಿಡಿಸಿ ತಿಂಗಳುಗಟ್ಟಲೆ ಬರೀ ಗಂಜಿ, ತಿಳಿಸಾರು ಕೊಡುತ್ತಾರಲ್ಲ, ಅದು ಗಾಯಕ್ಕೆ ಮಾಡುವ ಅನ್ಯಾಯ. ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ಮನೆ ಕಟ್ಟುವಾಗ ಇಟ್ಟಿಗೆಯನ್ನೇ ನಿಲ್ಲಿಸಿದರೆ ಹೇಗೆ? ಮೊಟ್ಟೆ, ಮೀನು ತಿನ್ನುವವರು ತಿನ್ನಿ. ತಿನ್ನದವರು ತೊವ್ವೆ, ಮೊಳಕೆ ಕಾಳು, ಹಾಲು, ಮೊಸರು ಜಾಸ್ತಿ ಮಾಡಿ.

ಪೇಸ್‌ಮೇಕರ್ ಇರುವ ಒಬ್ಬರು ಹಲ್ಲು ಕೀಳಿಸುವ ಮೊದಲು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಾ ಅಂತ ಕೇಳಿದರು. ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ ಬೇಕು. ಪೇಸ್‌ಮೇಕರ್ ಇದ್ದವರಿಗೆ, ಸ್ಟೆಂಟ್ ಇದ್ದವರಿಗೆ ಅದೊಂದೇ ಕಾರಣಕ್ಕೆ ಬೇಡ. ಮಂಡಿ ಬದಲಾಯಿಸಿಕೊಂಡವರಿಗೂ ಸಾಮಾನ್ಯವಾಗಿ ಬೇಡ. ಆದರೆ ಒಳಗೆ ಏನಿದೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಿ. ಪೇಸ್‌ಮೇಕರ್ ಇರುವ ಜಾಗ ಕೆಂಪಾದರೆ, ಬಿಸಿಯಾದರೆ, ಮೇಲಿನ ಚರ್ಮ ತೆಳ್ಳಗಾಗಿ ಅಂಚು ಕಾಣುವ ಹಾಗಾದರೆ ಅದೇ ದಿನ ಹೋಗಿ. ಅಲ್ಲಿ ಸೂಜಿ ಚುಚ್ಚಿ ನೀರು ತೆಗೆಯಲು ಯಾರಿಗೂ ಬಿಡಬೇಡಿ.

ಮಾತು ಮುಗಿಸಿ ಕಾಫಿ ಕುಡಿಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಜನ ಕರಗುವವರೆಗೂ ಕಾದರು. ಆಮೇಲೆ ಪಂಚೆಯನ್ನು ಮೊಣಕಾಲವರೆಗೆ ಎತ್ತಿ, "ಇದು ಎರಡು ವರ್ಷದಿಂದ ಹೀಗೇ ಇದೆ. ನೋವೇನೂ ಇಲ್ಲ" ಅಂದರು. ಹಳೇ ಹೊಲಿಗೆಯ ಗುರುತಿನ ಕೆಳತುದಿಯಲ್ಲಿ ಒಂದು ಪುಟ್ಟ ಒದ್ದೆ ಚುಕ್ಕೆ. ಸುತ್ತ ಚರ್ಮ ಕಪ್ಪಾಗಿತ್ತು. ಒಳಗೆ ರಾಡ್ ಇದೆಯಂತೆ.

ಮಾತ್ರೆ ಏನಾದರೂ ನುಂಗುತ್ತಿದ್ದೀರಾ ಅಂತ ಕೇಳಿದೆ. ಜೇಬಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು ತೋರಿಸಿದರು. ಡಿಸ್ಚಾರ್ಜ್ ಚೀಟಿ, ಹಳೇ ಎಕ್ಸ್‌ರೇ ಮನೆಯಲ್ಲಿದೆಯಾ ಅಂದೆ. "ಟ್ರಂಕಿನಲ್ಲಿ ಇರಬೇಕು, ಹುಡುಕುತ್ತೇನೆ" ಅಂದರು. ಆಪರೇಷನ್ ಮಾಡಿದ ಡಾಕ್ಟರ ಹೆಸರು ಅವರಿಗೆ ನೆನಪಿತ್ತು. ಅಲ್ಲೇ ಕೂತು ಆ ಡಾಕ್ಟರಿಗೆ ಒಂದು ಚೀಟಿ ಬರೆದೆ. ಹೋಗುವವರೆಗೆ ಹೊಸ ಮಾತ್ರೆ ಬೇಡ, ಜ್ವರ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ಹೇಳಿದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತೇನೆ ಅಂತ ಹೇಳಿ ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು.